ಗ್ಯಾದರಿಂಗಿನಲ್ಲಿ ಇಲ್ಲದ ಮಾತು

2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್ ಇಡೀ ರಾಜ್ಯದ ಬಾಯಲ್ಲಿತ್ತು. ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯ ಮೇಲೆ ಕೂತಿದ್ದರು. ಊಟ ಅಲ್ಲೇ, ನಿದ್ದೆ ಅಲ್ಲೇ. ಸ್ವಾಮಿಗಳು ಬಂದರು, ವಕೀಲರು ಬಂದರು, ಕಾಲೇಜಿನ ಹುಡುಗರೂ ಬಂದು ಕೂತರು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿದರು. ಅದೇ ದಿನ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ನಾಕಾದ ಬಳಿ ಕಲ್ಲು ತೂರಾಟವೂ ಆಯಿತು. ಕೊನೆಗೆ ಮಾತು 3,300 ರೂಪಾಯಿಗೆ ಬಂದು ನಿಂತಿತು.

ಆ ಕಾಲೇಜು ಹುಡುಗರ ಬಗ್ಗೆ ನನ್ನ ಕಾಳಜಿ. ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಕೇಂದ್ರ ಗೊತ್ತುಪಡಿಸುವ ಬೆಲೆಯಾದ ಎಫ್‌ಆರ್‌ಪಿ ಎಂದರೇನು, ಸಕ್ಕರೆ ಇಳುವರಿ ಶೇ 10.25 ಇದ್ದರೆ ಕ್ವಿಂಟಲಿಗೆ 355 ರೂಪಾಯಿ ಎಂದು ಕೇಂದ್ರ ಯಾಕೆ ಹೇಳಿತು, ಅದರಲ್ಲಿ ಕಟಾವು ಮತ್ತು ಸಾಗಾಟದ ಖರ್ಚು ಯಾರ ತಲೆಗೆ ಬರುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳಿಕೊಡಬೇಕಿಲ್ಲ. ಬಿ.ಕಾಂ. ಓದುವ ಹುಡುಗನ ಕೈಗೆ ಮೈಕು ಕೊಟ್ಟರೆ ಅರ್ಧ ತಾಸು ಮಾತಾಡುತ್ತಾನೆ. ಹೆದ್ದಾರಿ ಸಾರ್ವಜನಿಕ ಜಾಗ. ಅಲ್ಲಿ ಪೊಲೀಸರು ತಡೆದರೂ ಕೋರ್ಟಿಗೆ ಹೋಗುವ ದಾರಿ ನೇರವಾಗಿದೆ, ಯಾಕೆಂದರೆ ಎದುರಿಗಿರುವುದು ಸರ್ಕಾರ. ಆದರೆ ಅದೇ ಹುಡುಗ ಮರುದಿನ ಕಾಲೇಜಿಗೆ ಹೋಗಿ, ಅದೇ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಏನಾಗುತ್ತದೆ? ಘಟಪ್ರಭೆಯ ದಂಡೆಯಲ್ಲಿ ಕಾರ್ಖಾನೆಯ ನಿರ್ದೇಶಕರು, ಪತ್ತಿನ ಸೊಸೈಟಿಯ ಚೇರ್ಮನ್ನರು, ಶಿಕ್ಷಣ ಸಂಸ್ಥೆಯ ಅಧ್ಯಕ್ಷರು ಒಂದೇ ಬಳಗದವರಾಗಿರುವುದು ಹೊಸ ಸಂಗತಿಯಲ್ಲ. ಆ ಹಾಳೆಯನ್ನು ಹರಿದು ಹಾಕುವವರು ಖಾಕಿ ತೊಟ್ಟಿರುವುದಿಲ್ಲ. ಹುಡುಗನನ್ನು ಕರೆಸಿ ‘ಯಾಕ ಬೇಕಪಾ ನಿನಗ ಇವೆಲ್ಲಾ, ಓದಾಕ ಬಂದೀಯಿಲ್ಲ?’ ಎಂದು ಮೆಲ್ಲಗೆ ಕೇಳುವವರು ಅವನಿಗೆ ಗೊತ್ತಿರುವ ಮೇಷ್ಟ್ರೇ ಆಗಿರುತ್ತಾರೆ. ಅವನು ಏನು ಉತ್ತರ ಕೊಡಬಹುದು? ಕಾನೂನು ಅವನ ಬೆನ್ನಿಗಿದೆಯೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ಖಾಸಗಿ ವಿಶ್ವವಿದ್ಯಾಲಯ ಎಂದು ಬೋರ್ಡು ಹಾಕಿಕೊಂಡದ್ದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಉಳಿದವು ಟ್ರಸ್ಟು, ಸೊಸೈಟಿ, ಮಠಗಳ ಕಾಲೇಜುಗಳು, ಕೆಲವು ಅನುದಾನಿತ, ಹಲವು ಅನುದಾನರಹಿತ. ಪದವಿ ಕೊಡುವುದು 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿದವನಿಗೆ ಪದವಿ ಬರುವುದು ಬೆಳಗಾವಿಯಲ್ಲೇ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ (ವಿಟಿಯು). ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು. ಕಾಲೇಜಿನ ಗೋಡೆ ಖಾಸಗಿ, ಪ್ರಮಾಣಪತ್ರದ ಮೊಹರು ಸಾರ್ವಜನಿಕ. ಇನ್ನು ಕೈಯಲ್ಲಿ ದುಡ್ಡಿದ್ದವರ ಮಕ್ಕಳು, ಇಲ್ಲವೇ ಸಾಲ ಮಾಡಿದವರ ಮಕ್ಕಳು, ಬೆಳಗಾವಿಯ ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯಕ್ಕೋ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಕ್ಕೋ ಬೆಂಗಳೂರಿನ ಯಾವುದಾದರೂ ಖಾಸಗಿ ವಿಶ್ವವಿದ್ಯಾಲಯಕ್ಕೋ ಹೋಗುತ್ತಾರೆ. ಕೊಲ್ಲಾಪುರ, ಪುಣೆ ಕೂಡ ದೂರವಲ್ಲ. ಗೋಕಾಕದ ಒಂದೇ ಓಣಿಯ ನಾಲ್ಕು ಮಕ್ಕಳು ನಾಲ್ಕು ಬಗೆಯ ಸಂಸ್ಥೆಗಳಲ್ಲಿ ಓದುತ್ತಾರೆ. ಮಾತಾಡುವ ಅವರ ಹಕ್ಕು ನಾಲ್ಕು ಅಳತೆಯದು.

ಖಾಸಗಿಯವರನ್ನು ಬೈಯುವುದು ಇಲ್ಲಿ ಸುಲಭವಲ್ಲ, ಬೈಯಲೂಬಾರದು. ಮುಂಬೈ ಸರ್ಕಾರ ಈ ಸೀಮೆಯನ್ನು ಮರೆತಿದ್ದ ಕಾಲದಲ್ಲಿ, 1916ರ ನವೆಂಬರಿನಲ್ಲಿ, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರ ಆಸ್ತಿ, ವಂಟಮುರಿಯ ರಾಜಾ ಲಖಮಗೌಡರ ದಾನ ಆ ಕಟ್ಟಡಗಳ ಬುನಾದಿಯಲ್ಲಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿಗೆ ಇವತ್ತೂ ಆ ಲಖಮಗೌಡರದೇ ಹೆಸರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಬಡ ಮನೆಯ ಹುಡುಗ ಚಂದ್ರಶೇಖರ ಕಂಬಾರ ಗೋಕಾಕದಲ್ಲಿ ಹೈಸ್ಕೂಲು ಓದಿದ್ದು, ಸಾವಳಗಿ ಮಠದ ನೆರವು ಪಡೆದದ್ದು, ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಹೋದದ್ದು, ಈ ಬಗೆಯ ಖಾಸಗಿ ಔದಾರ್ಯ ಇದ್ದುದರಿಂದಲೇ. ಆ ಹುಡುಗನಿಗೆ ಜ್ಞಾನಪೀಠ ಬಂತು. ಇಂಥ ಋಣ ಈ ನೆಲದ ಮನೆಮನೆಯಲ್ಲಿದೆ.

ತೊಡಕು ಇರುವುದು ಈ ಋಣದಲ್ಲೇ. ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ಗಾದೆಯನ್ನು ನಮ್ಮ ಕಡೆ ಕಾಲೇಜಿನ ಮೇಲೂ ಹೊರಿಸಿದ್ದೇವೆ. ಆಡಳಿತ ಮಂಡಳಿಯನ್ನು ಪ್ರಶ್ನಿಸಿದ ಹುಡುಗ ಕೃತಘ್ನ, ಪ್ರಶ್ನಿಸಿದ ಹುಡುಗಿ ಹೆಚ್ಚು ಮಾತಿನವಳು. ಆದರೆ 1916ರ ದಾಸೋಹದ ಕಾಲ ಎಂದೋ ಮುಗಿದಿದೆ. ಇವತ್ತು ಕಟ್ಟಡ ನಿಧಿ, ಪ್ರಯೋಗಾಲಯ ಶುಲ್ಕ, ಪ್ಲೇಸ್‌ಮೆಂಟ್ ತರಬೇತಿ ಶುಲ್ಕ ಎಂದು ಅಪ್ಪನ ಕಬ್ಬಿನ ಬಿಲ್ಲು ನೇರವಾಗಿ ಕಾಲೇಜಿನ ಕೌಂಟರಿಗೆ ಹೋಗುತ್ತದೆ. ಬೆಲೆ ಕೊಟ್ಟು ಓದುವವನಿಂದ ಅನ್ನದ ಋಣ ಕೇಳುವುದು ನ್ಯಾಯವಲ್ಲ.

ಮಲಾಮರಡಿಯ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರನ್ನೂ ನೆನೆಯಬೇಕು. ಗೋಕಾಕ ತಾಲ್ಲೂಕಿನ ಈ ಊರಿನಲ್ಲಿ 1919ರಲ್ಲಿ ಹುಟ್ಟಿದ ಅವರು 1942ರ ಚಳವಳಿಯಲ್ಲಿ ಜೈಲು ಸೇರಿದವರು. ಬ್ರಿಟಿಷರು ಹೋದ ಮೇಲೂ ಅವರ ಲೇಖನಿ ಮೆತ್ತಗಾಗಲಿಲ್ಲ. ‘ಜರತಾರಿ ಜಗದ್ಗುರು’ ಬರೆದಾಗ ಸಿಟ್ಟಾದವರು ಅವರ ಸುತ್ತಲಿನ ಸಮಾಜದ ಜನರೇ. ಪರಕೀಯ ಸರ್ಕಾರದ ಎದುರು ಮಾತಾಡುವುದಕ್ಕಿಂತ ನಮ್ಮವರೇ ಎನಿಸಿಕೊಂಡ ದೊಡ್ಡವರ ಎದುರು ಮಾತಾಡುವುದು ಕಷ್ಟ ಎಂಬುದು ಅವರ ಬದುಕನ್ನು ನೋಡಿದರೆ ತಿಳಿಯುತ್ತದೆ. ಖಾಸಗಿ ಕಾಲೇಜಿನ ವಿದ್ಯಾರ್ಥಿಯ ಕಷ್ಟ ಇದೇ ಜಾತಿಯದು.

ಈಗ ಕಾನೂನಿಗೆ ಬರೋಣ. ಸಂವಿಧಾನದ 19ನೇ ವಿಧಿಯ ಮೊದಲ ಖಂಡದಲ್ಲಿ ಹಕ್ಕುಗಳ ಒಂದು ಸಾಲಿದೆ. ಆ ಸಾಲಿನ ತಲೆಯಲ್ಲಿರುವುದು ‘ಎ’, ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ. ಕೊನೆಯಲ್ಲಿರುವುದು ‘ಜಿ’, ಯಾವುದೇ ವೃತ್ತಿ, ಉದ್ಯೋಗ ನಡೆಸುವ ಸ್ವಾತಂತ್ರ್ಯ. 2002ರ ಅಕ್ಟೋಬರ್ 31ರಂದು, ನಮ್ಮದೇ ರಾಜ್ಯ ಪ್ರತಿವಾದಿಯಾಗಿದ್ದ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವುದು ಕೂಡ ‘ಜಿ’ ಹೇಳುವ ಉದ್ಯೋಗದಲ್ಲಿ ಸೇರುತ್ತದೆ ಎಂದಿತು. ಅಲ್ಲಿಂದ ಖಾಸಗಿ ಸಂಸ್ಥೆಗಳ ಸ್ವಾಯತ್ತತೆಗೆ ಗಟ್ಟಿ ಗೂಟ ಸಿಕ್ಕಿತು. ಒಂದೇ ವಿಧಿಯ ಕೊನೆಯ ಅಕ್ಷರದಿಂದ ಆಡಳಿತ ಮಂಡಳಿ ಹಕ್ಕು ಪಡೆಯಿತು. ಮೊದಲ ಅಕ್ಷರವನ್ನು ಅದೇ ಮಂಡಳಿಯ ಎದುರು ವಿದ್ಯಾರ್ಥಿ ಹೇಳಿದರೆ ‘ಅದು ಸರ್ಕಾರದ ವಿರುದ್ಧ ಇರುವ ಹಕ್ಕು, ನಮಗೆ ಸಂಬಂಧವಿಲ್ಲ’ ಎಂಬ ಉತ್ತರ ಬರುತ್ತದೆ. ಮೂಲಭೂತ ಹಕ್ಕುಗಳನ್ನು ಕೇಳಬೇಕಾದದ್ದು 12ನೇ ವಿಧಿ ಹೇಳುವ ‘ರಾಜ್ಯ’ದಿಂದ, ಖಾಸಗಿ ಟ್ರಸ್ಟು ಆ ಅರ್ಥದಲ್ಲಿ ಸಾಮಾನ್ಯವಾಗಿ ರಾಜ್ಯವಲ್ಲ. ಈ ಉತ್ತರ ತಪ್ಪಲ್ಲ. ಆದರೆ ಅದು ಪೂರ್ತಿ ಉತ್ತರವೂ ಅಲ್ಲ.

226ನೇ ವಿಧಿಯ ಅಡಿ ಹೈಕೋರ್ಟ್ ‘ಯಾವುದೇ ವ್ಯಕ್ತಿ ಅಥವಾ ಪ್ರಾಧಿಕಾರ’ಕ್ಕೆ ರಿಟ್ ಹೊರಡಿಸಬಹುದು. 1989ರಲ್ಲಿ ಅಹಮದಾಬಾದಿನ ಒಂದು ಟ್ರಸ್ಟ್ ಕಾಲೇಜಿನ ಸಿಬ್ಬಂದಿಯ ಬಾಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಕರ್ತವ್ಯ ಮಾಡುವ ಖಾಸಗಿ ಸಂಸ್ಥೆಗೂ ಈ ರಿಟ್ ತಟ್ಟುತ್ತದೆ ಎಂದಿತು. 2015ರಲ್ಲಿ ತಮಿಳುನಾಡಿನ ಎಸ್‌ಆರ್‌ಎಂ ಡೀಮ್ಡ್ ವಿಶ್ವವಿದ್ಯಾಲಯದ ವಿರುದ್ಧ ಅಧ್ಯಾಪಕಿಯೊಬ್ಬರು ಹೂಡಿದ ಪ್ರಕರಣದಲ್ಲಿ ಮತ್ತೆ ಅದನ್ನೇ ಹೇಳಿತು: ಶಿಕ್ಷಣ ಕೊಡುವುದು ಸಾರ್ವಜನಿಕ ಕೆಲಸ, ಹಾಗಾಗಿ ಡೀಮ್ಡ್ ವಿಶ್ವವಿದ್ಯಾಲಯ ಹೈಕೋರ್ಟಿನ ಕೈಗೆ ಸಿಗುತ್ತದೆ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದ ಸಂವಿಧಾನ ಪೀಠದ ನಾಲ್ವರು ನ್ಯಾಯಮೂರ್ತಿಗಳು ಇನ್ನೂ ಮುಂದೆ ಹೋಗಿ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ರಾಜ್ಯವಲ್ಲದವರ ವಿರುದ್ಧವೂ ಜಾರಿ ಮಾಡಬಹುದು ಎಂದರು. ಈ ಅಂಶದಲ್ಲಿ ಭಿನ್ನಮತ ಬರೆದವರು ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಇಂಥ ಹಕ್ಕನ್ನು ಖಾಸಗಿಯವರ ಮೇಲೆ ಹೇರಬೇಕಾದರೆ ಶಾಸನದ ಆಧಾರ ಬೇಕಾಗುತ್ತದೆ ಎಂಬ ಅವರ ಎಚ್ಚರದಲ್ಲಿ ತಥ್ಯವಿದೆ. ನಾಲ್ವರ ಮಾತು ನನಗೆ ಭರವಸೆ ಕೊಡುತ್ತದೆ. ಅವರೊಬ್ಬರ ಮಾತು ಮುಂದೆ ಮಾಡಬೇಕಾದ ಕೆಲಸ ಯಾವುದೆಂದು ತೋರಿಸುತ್ತದೆ. ಆ ಕೆಲಸಕ್ಕೆ ಆಮೇಲೆ ಬರುತ್ತೇನೆ.

ತೀರ್ಪುಗಳ ಮಾತು ಬೇರೆ, ನೆಲದ ಮೇಲೆ ನಡೆಯುವುದು ಬೇರೆ. ನಮಗೆ ಹತ್ತಿರದ ಮೂರು ಪ್ರಕರಣಗಳನ್ನು ನೋಡಿ.

2020ರ ಫೆಬ್ರುವರಿ, ಹುಬ್ಬಳ್ಳಿ. ಪುಲ್ವಾಮಾ ದಾಳಿಗೆ ವರ್ಷ ತುಂಬಿದ ಹೊತ್ತಿನಲ್ಲಿ, ಕೆಎಲ್‌ಇ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮೂವರು ಕಾಶ್ಮೀರಿ ವಿದ್ಯಾರ್ಥಿಗಳು ಪಾಕಿಸ್ತಾನದ ಪರವಾಗಿ ಕೂಗಿದರೆನ್ನಲಾದ ವಿಡಿಯೊ ಹರಿದಾಡಿತು. ಪ್ರಾಚಾರ್ಯರೇ ದೂರು ಕೊಟ್ಟರು, ಕಾಲೇಜು ಅವರನ್ನು ಅಮಾನತು ಮಾಡಿತು, ಪೊಲೀಸರು ರಾಜದ್ರೋಹದ ಪ್ರಕರಣ ಹಾಕಿದರು. ಒಮ್ಮೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವರನ್ನು ಬೀದಿಯ ಪ್ರತಿಭಟನೆಯ ನಂತರ ಮತ್ತೆ ಬಂಧಿಸಿದರು. ಹುಬ್ಬಳ್ಳಿ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿತು. ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ ಓಕಾ ಅವರ ಪೀಠ ಆ ನಿರ್ಣಯವನ್ನು ಕಟುವಾಗಿ ಟೀಕಿಸಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಮೂರು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದ ಮೇಲೆ ಅವರಿಗೆ ಜಾಮೀನು ಸಿಕ್ಕಿತು. ಅವರು ಕೂಗಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ ಬಂದ ಹುಡುಗರಿಗೆ ಊರಿನಲ್ಲಿದ್ದ ಏಕೈಕ ಪಾಲಕ ಸಂಸ್ಥೆ ಆ ಕಾಲೇಜು. ಮೊದಲು ಕರೆದು ಕೇಳಬೇಕಾದ ಅದೇ ಸಂಸ್ಥೆ ಮೊದಲ ದೂರುದಾರನಾಯಿತು. ರಾಜದ್ರೋಹದ 124ಎ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ತಡೆಹಿಡಿಯಿತು.

2023ರ ಫೆಬ್ರುವರಿ, ಬೆಂಗಳೂರು. ಜೈನ್ ಡೀಮ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯುವಜನೋತ್ಸವವೊಂದರಲ್ಲಿ ಕಿರುಪ್ರಹಸನ ಆಡಿದರು. ಅದರಲ್ಲಿ ದಲಿತರನ್ನೂ ಅಂಬೇಡ್ಕರರ ಹೆಸರನ್ನೂ ಹೀಯಾಳಿಸುವ ಮಾತುಗಳಿದ್ದವು. ವಿದ್ಯಾರ್ಥಿಗಳ ಅಮಾನತಾಯಿತು, ಪ್ರಾಚಾರ್ಯರೂ ಸೇರಿ ಹಲವರ ಬಂಧನವಾಯಿತು. ಮುಂದೆ ಕರ್ನಾಟಕ ಹೈಕೋರ್ಟ್ ಅದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ವ್ಯಾಪ್ತಿಯ ವಿಡಂಬನೆ ಎಂದು ನೋಡಿ ಪ್ರಕರಣ ರದ್ದುಪಡಿಸಿತು. ಈ ಪ್ರಕರಣ ನನ್ನನ್ನು ಹೆಚ್ಚು ಕಾಡುತ್ತದೆ. ಮೀಸಲಾತಿಯಲ್ಲಿ ಸೀಟು ಪಡೆದು ಬಂದ ಹುಡುಗನೊಬ್ಬ ಆ ಸಭಾಂಗಣದಲ್ಲಿ ಕೂತಿದ್ದರೆ ಅವನಿಗೆ ಹೇಗನಿಸಿರಬೇಕು? ಆ ಮಾತು ಹೊಲಸು. ಅದನ್ನು ಆಡಿದವರಿಗೆ ಜೈಲು ಬೇಕಿತ್ತೇ ಎಂದರೆ ಇಲ್ಲ ಎನ್ನುತ್ತೇನೆ. ಆದರೆ ಆ ಹುಡುಗ ಎದ್ದು ನಿಂತು ಅದೇ ವೇದಿಕೆಯಿಂದ, ಅಷ್ಟೇ ಗಟ್ಟಿ ದನಿಯಲ್ಲಿ, ಉತ್ತರ ಕೊಡುವ ಅವಕಾಶ ಇರಲೇಬೇಕಿತ್ತು. ಖಾಸಗಿ ಕ್ಯಾಂಪಸ್ಸುಗಳಲ್ಲಿ ಇಲ್ಲದೇ ಇರುವುದು ಇದು. ದುಡ್ಡಿರುವವರ ತಮಾಷೆಗೆ ವೇದಿಕೆ ಸಿಗುತ್ತದೆ. ಜಾತಿಯ ಬಗ್ಗೆ ಗಂಭೀರವಾಗಿ ಚರ್ಚಿಸುತ್ತೇವೆ ಎಂದು ಹಾಲ್ ಕೇಳಿದವರಿಗೆ ‘ರಾಜಕೀಯ ಬೇಡ’ ಎಂಬ ಉತ್ತರ ಸಿಗುತ್ತದೆ. ಗಲಾಟೆಯಾದ ಮೇಲೆ ಎರಡನ್ನೂ ಮುಚ್ಚುತ್ತಾರೆ.

2025ರ ಮೇ, ಪುಣೆ. ಗೋಕಾಕ, ಹುಕ್ಕೇರಿಯ ಬಹಳಷ್ಟು ಮಕ್ಕಳು ಓದಲು ಹೋಗುವ ಊರು. ಖಾಸಗಿ ಇಂಜಿನಿಯರಿಂಗ್ ಕಾಲೇಜಿನ 19 ವರ್ಷದ ಹುಡುಗಿಯೊಬ್ಬಳು ಆಪರೇಷನ್ ಸಿಂಧೂರದ ಸಮಯದಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಇನ್ನೊಬ್ಬರ ಪೋಸ್ಟನ್ನು ಹಂಚಿಕೊಂಡಳು. ಬೆದರಿಕೆ ಬರತೊಡಗಿದಾಗ ಅಳಿಸಿದಳು, ಕ್ಷಮೆಯನ್ನೂ ಕೇಳಿದಳು. ಕಾಲೇಜು ಅವಳನ್ನು ಹೊರಹಾಕಿತು, ಪೊಲೀಸರು ಬಂಧಿಸಿದರು. ಎದುರಿಗೆ ಪರೀಕ್ಷೆ. ಮೇ 27ರಂದು ಬಾಂಬೆ ಹೈಕೋರ್ಟ್ ಅವಳಿಗೆ ಜಾಮೀನು ಕೊಟ್ಟಿತು, ಕಾಲೇಜಿನ ಆದೇಶವನ್ನು ಅಮಾನತಿನಲ್ಲಿಟ್ಟಿತು, ಪರೀಕ್ಷೆಗೆ ಕೂರಿಸಲು ಹೇಳಿತು. ಒಬ್ಬ ವಿದ್ಯಾರ್ಥಿನಿಯ ಬದುಕನ್ನು ಹಾಳು ಮಾಡಲು ಹೊರಟಿದ್ದೀರಿ ಎಂಬ ಅರ್ಥದಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ನನ್ನ ಗಮನ ಸೆಳೆದದ್ದು ಕಾಲೇಜಿನ ಬಗ್ಗೆ ಕೋರ್ಟ್ ಎತ್ತಿದ ಸರಳ ಪ್ರಶ್ನೆ: ಹೊರಹಾಕುವ ಮೊದಲು ಅವಳ ಮಾತು ಕೇಳಿದಿರಾ? ಕೇಳಿರಲಿಲ್ಲ. ಪೋಸ್ಟು ಸರಿಯೋ ತಪ್ಪೋ ಎಂಬ ದೊಡ್ಡ ವಾದಕ್ಕೆ ಹೋಗುವ ಮೊದಲೇ, ಕೇಳದೆ ಶಿಕ್ಷಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂಬ ಒಂದೇ ಕಾರಣದ ಮೇಲೆ ಕಾಲೇಜಿನ ಆದೇಶ ನಿಲ್ಲಲಿಲ್ಲ. ನಮ್ಮ ಮೂರು ತಾಲ್ಲೂಕಿನ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕಾದ ಅಂಶ ಇದು. ಅದರ ಮುಂದೆ ಉಳಿದ ತೀರ್ಪುಗಳನ್ನು ಮರೆತರೂ ನಡೆದೀತು. ನಮ್ಮ ಹೈಕೋರ್ಟಿನ ಪೀಠ ಈಗ ಬೆಂಗಳೂರಿನಲ್ಲಿ ಮಾತ್ರ ಇಲ್ಲ. ಧಾರವಾಡದಲ್ಲೂ 2008ರಲ್ಲಿ ಸಂಚಾರಿಯಾಗಿ ಶುರುವಾಗಿ 2013ರಲ್ಲಿ ಕಾಯಂ ಆಗಿದೆ. ಗೋಕಾಕದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆಗೆ ಬರಬಹುದು.

ಆದರೆ ಕೋರ್ಟಿನವರೆಗೆ ಹೋಗುವ ಪ್ರಕರಣ ಸಾವಿರಕ್ಕೊಂದು. ಮಿಕ್ಕವು ಪ್ರಾಚಾರ್ಯರ ಕೊಠಡಿಯಲ್ಲೇ ಮುಗಿಯುತ್ತವೆ. ಅಮಾನತು ಆದೇಶ ಬೇಕಿಲ್ಲ, ಕಾಗದವೇ ಬೇಕಿಲ್ಲ. ವಿಟಿಯುವಿನ 2022ರ ಸ್ಕೀಮಿನಲ್ಲಿ ಪ್ರತಿ ವಿಷಯಕ್ಕೆ 100ರಲ್ಲಿ 50 ಅಂಕ ಕಾಲೇಜಿನ ಒಳಗಿನ ನಿರಂತರ ಮೌಲ್ಯಮಾಪನದ್ದು. ಡಿಗ್ರಿ ಕಾಲೇಜುಗಳಲ್ಲೂ ಇಂಟರ್ನಲ್ಸ್ ಇದೆ, ಹಾಜರಾತಿ ಇದೆ, ಹಾಲ್ ಟಿಕೆಟ್ ಇದೆ. ಅನುದಾನರಹಿತ ಕಾಲೇಜಿನ ಅತಿಥಿ ಉಪನ್ಯಾಸಕ ಕೂಡ ವರ್ಷದಿಂದ ವರ್ಷಕ್ಕೆ ನೌಕರಿಯ ಭಯದಲ್ಲಿ ಇರುವವನೇ. ವಿದ್ಯಾರ್ಥಿಯ ಪರ ಒಂದು ಮಾತಾಡಿದರೆ ಮುಂದಿನ ಜೂನಿನಲ್ಲಿ ಅವನಿಗೆ ಕರೆ ಬರುವುದಿಲ್ಲ. ಮೇಲಿನವರು ಬಾಯಿ ಬಿಡುವ ಮೊದಲೇ ಅವರ ಮನಸ್ಸು ಅರಿತು ಹುಡುಗನನ್ನು ತಡೆಯುವ ಕೆಲಸ ಹೀಗೆ ಅವನ ಪಾಲಿಗೆ ಬರುತ್ತದೆ. ಅವನನ್ನು ದೂರುವ ಮನಸ್ಸು ನನಗಿಲ್ಲ.

ಹುಡುಗಿಯರ ವಿಷಯದಲ್ಲಿ ಇಷ್ಟೂ ಬೇಕಿಲ್ಲ. ಮನೆಗೆ ಒಂದು ಫೋನ್ ಸಾಕು. ‘ನಿಮ್ಮ ಮಗಳು ಸ್ಟ್ರೈಕಿನಾಗ ಮುಂದ ನಿಂತಾಳ್ರೀ’ ಎಂಬ ಒಂದು ವಾಕ್ಯ ಹೊಲದಲ್ಲಿರುವ ಅಪ್ಪನ ಕಿವಿಗೆ ಬಿದ್ದರೆ, ಬಸ್ ಪಾಸು ಹಾಗೇ ಉಳಿಯುತ್ತದೆ, ಬೇಸಿಗೆಯೊಳಗೆ ವರನ ಕಡೆಯವರು ನೋಡಲು ಬರುತ್ತಾರೆ. ಹಾಸ್ಟೆಲಿನ ಊಟದಲ್ಲಿ ಹುಳ ಬಂದದ್ದು, ಶೌಚಾಲಯಕ್ಕೆ ನೀರಿಲ್ಲದ್ದು, ಬಸ್ಸಿನಲ್ಲಿ ಆಗುವ ಕಿರುಕುಳ, ಇವನ್ನು ಹೇಳಲೂ ಹುಡುಗಿಯರು ಹಿಂಜರಿಯುವುದು ಈ ಫೋನಿನ ಭಯಕ್ಕೆ. ವಾಕ್ ಸ್ವಾತಂತ್ರ್ಯ ಎಂದ ಕೂಡಲೇ ದೆಹಲಿಯ ದೊಡ್ಡ ಕ್ಯಾಂಪಸ್ಸಿನ ಘೋಷಣೆಗಳು ನೆನಪಾಗುತ್ತವೆ. ಮೂಡಲಗಿಯಲ್ಲಿ ಅದರ ಮೊದಲ ಪರೀಕ್ಷೆ ಹುಡುಗಿಯರ ಶೌಚಾಲಯದ ನೀರಿನದು. ಹದಿನೆಂಟು ತುಂಬಿದ ಹೆಣ್ಣುಮಗಳು ಶಾಸಕರನ್ನು ಆರಿಸಬಲ್ಲಳು. ಅವಳ ಮಾತಿಗೆ ಅವಳ ಒಪ್ಪಿಗೆ ಇಲ್ಲದೆ ಅಪ್ಪನಿಂದ ಸಮಜಾಯಿಷಿ ಕೇಳುವ ಹಕ್ಕು ಕಾಲೇಜಿಗೆ ಎಲ್ಲಿಂದ ಬಂತು?

ಉಡುಪಿನ ವಿಷಯದಲ್ಲಿ ಸರ್ಕಾರವೇ ಇಂಥ ಹಕ್ಕನ್ನು ಆಡಳಿತ ಮಂಡಳಿಗಳ ಕೈಗೆ ಕೊಟ್ಟಿತು. ಹಿಜಾಬ್ ವಿವಾದದ ಹೊತ್ತಿನ 2022ರ ಫೆಬ್ರುವರಿ 5ರ ಆದೇಶ ಖಾಸಗಿ ಸಂಸ್ಥೆಗಳಲ್ಲಿ ಸಮವಸ್ತ್ರದ ತೀರ್ಮಾನವನ್ನು ಅವುಗಳ ಆಡಳಿತಕ್ಕೇ ಬಿಟ್ಟಿತ್ತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಬರೆದರು. ಆ ಜಗಳದ ನಡುವೆ ಓದು ಬಿಟ್ಟ ಹುಡುಗಿಯರಿಗೆ ಕಳೆದುಹೋದ ವರ್ಷ ಮರಳಿ ಸಿಗುವುದಿಲ್ಲ.

ಹಾಗಾದರೆ ಹುಡುಗರ ಪರವಾಗಿ ಮಾತಾಡುವವರು ಯಾರು? ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ 1980ರ ದಶಕದ ಕೊನೆಯ ಹೊತ್ತಿಗೆ ನಿಂತುಹೋಯಿತು. ವಿದ್ಯಾರ್ಥಿ ಚುನಾವಣೆಗಳ ಬಗ್ಗೆ ಲಿಂಗ್ಡೋ ಸಮಿತಿ ವರದಿ ಕೊಟ್ಟು ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಹೇಳಿ 2006ರಿಂದ ಇಷ್ಟು ವರ್ಷವಾದರೂ ಇಲ್ಲಿ ಮರಳಿ ಬರಲಿಲ್ಲ. ನಮ್ಮ ಕಡೆಯ ಕಾಲೇಜುಗಳಲ್ಲಿ ಈಗಲೂ ಪ್ರತಿ ವರ್ಷ ‘ವಿದ್ಯಾರ್ಥಿ ಒಕ್ಕೂಟ ಹಾಗೂ ಜಿಮಖಾನಾ ಉದ್ಘಾಟನೆ’ಯ ಆಮಂತ್ರಣ ಪತ್ರಿಕೆ ಅಚ್ಚಾಗುತ್ತದೆ. ಅದರಲ್ಲಿ ಜಿ.ಎಸ್., ಅಂದರೆ ಪ್ರಧಾನ ಕಾರ್ಯದರ್ಶಿ, ಎಂದು ಒಬ್ಬ ವಿದ್ಯಾರ್ಥಿಯ ಹೆಸರೂ ಇರುತ್ತದೆ. ಹೆಚ್ಚಿನ ಕಡೆ ಅಂಕ ನೋಡಿ, ಇಲ್ಲವೇ ವಿಧೇಯತೆ ನೋಡಿ ಮೇಲಿನವರೇ ಆರಿಸಿದ ಹೆಸರು ಅದು.

ಆಡಳಿತ ಮಂಡಳಿಯವರ ವಾದಕ್ಕೂ ಕಿವಿ ಕೊಡಬೇಕು. ಚುನಾವಣೆ ಬಂದರೆ ಜಾತಿ ಬರುತ್ತದೆ, ಪಕ್ಷ ಬರುತ್ತದೆ, ಚಾಕು ಬರುತ್ತದೆ ಎನ್ನುತ್ತಾರೆ. ಹಿಂದೆ ಬಂದದ್ದೂ ಹೌದು. ವಿದ್ಯಾರ್ಥಿಗಳು ಯಾವಾಗಲೂ ಮಾತಿನ ಪರ ಇರುತ್ತಾರೆ ಎಂಬುದು ಕೂಡ ಸುಳ್ಳು. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ಬೀದಿಗಿಳಿದು ಅವರ ಬಾಯಿ ಮುಚ್ಚಿಸಲು ಹೊರಟವರಲ್ಲಿ ಬಹಳ ಜನ ವಿದ್ಯಾರ್ಥಿಗಳೇ ಇದ್ದರು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಬಸವಲಿಂಗಪ್ಪ ಸಚಿವ ಸ್ಥಾನ ಬಿಟ್ಟರು. ಆದರೆ ಆ ಪೆಟ್ಟಿನಿಂದಲೇ ದಲಿತ ಚಳವಳಿ ಎದ್ದು ನಿಂತಿತು. ಅಂದು ಎಲ್ಲರ ಬಾಯಿಗೂ ಬೀಗ ಹಾಕಿದ್ದರೆ ಮೊದಲು ಅಡಗುತ್ತಿದ್ದ ದನಿ ದಲಿತ ವಿದ್ಯಾರ್ಥಿಯದೇ. ಚಾಕು ತಂದವನನ್ನು ಹಿಡಿಯಲು ಪೊಲೀಸರಿದ್ದಾರೆ. ಅವನ ನೆಪದಲ್ಲಿ ಕರಪತ್ರ ತಂದವನನ್ನು ಹೊರಹಾಕುವುದು ಶಿಸ್ತಲ್ಲ.

ವಾದ ಮಾಡುವುದನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ತಂದು ಕಲಿಸಬೇಕಿಲ್ಲ. ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕದ ಕುಲಗೋಡ ತಮ್ಮಣ್ಣನ ಊರು ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಅದೇ ಪಾರಿಜಾತದ ಕೌಜಲಗಿ ನಿಂಗಮ್ಮನ ಊರೂ ಅಲ್ಲೇ ಪಕ್ಕದಲ್ಲಿ. ಪಾರಿಜಾತದ ದೂತಿ ಬೆಳತನಕ ದೇವರನ್ನೂ ಕೆಣಕುತ್ತಾಳೆ, ಎದುರು ಕೂತ ಗೌಡರನ್ನೂ ಬಿಡುವುದಿಲ್ಲ. ಜಾತ್ರೆಯಲ್ಲಿ ಹರದೇಸಿ, ನಾಗೇಸಿ ಎಂದು ಎರಡು ಮೇಳ ನಿಂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು ಜವಾಬು ಹಾಡುತ್ತವೆ. ಸೋತವರನ್ನು ಊರಿನಿಂದ ಹೊರಗೆ ಹಾಕುವುದಿಲ್ಲ. ಅದೇ ಊರಿನ ಕಾಲೇಜಿನ ಗ್ಯಾದರಿಂಗಿನಲ್ಲಿ ಹತ್ತು ನಿಮಿಷದ ನಾಟಕ ಆಡಬೇಕಾದರೆ ಸ್ಕ್ರಿಪ್ಟನ್ನು ಮೊದಲೇ ಸಾಂಸ್ಕೃತಿಕ ವಿಭಾಗಕ್ಕೆ ಒಪ್ಪಿಸಬೇಕು. ರಾಜಕಾರಣಿಯ ಪಾತ್ರವಿದ್ದರೆ ಅದು ತಿರುಗಿ ಬರುತ್ತದೆ. ಸಿನಿಮಾ ಹಾಡಿನ ಡಾನ್ಸಿಗೆ ತಕರಾರಿಲ್ಲ. ಊರ ಕಟ್ಟೆಗಿಂತ ಕಾಲೇಜು ಸಣ್ಣದಾಯಿತಲ್ಲ ಎಂಬ ನೋವು ನನ್ನದು.

ಏನು ಮಾಡಬಹುದು? ಸದ್ಯಕ್ಕೆ ಕೈಗೆ ಸಿಗುವ ಒಂದು ದಾರಿ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳು. ಖಾಸಗಿಯಾಗಲಿ ಡೀಮ್ಡ್ ಆಗಲಿ ಸಂಯೋಜಿತ ಕಾಲೇಜಾಗಲಿ, ಪ್ರತಿ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಹೋಗಬಹುದು. ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಂಡು ಹೆದರಿಸುವುದು ಈ ನಿಯಮಗಳ ಪ್ರಕಾರ ದೂರಿಗೆ ಅರ್ಹ. ಆದ್ದರಿಂದ ಯಾರಾದರೂ ‘ಟಿಸಿ ಕೊಡಂಗಿಲ್ಲ’ ಎಂದರೆ ಬಾಯಿಮಾತಿನಲ್ಲಿ ಜಗಳಾಡದೆ ದಿನಾಂಕ ಹಾಕಿ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ‘ತಪ್ಪಾತು’ ಎಂದು ಬರೆದುಕೊಡು ಎಂದರೆ, ಯಾವ ನಿಯಮದಡಿ ಏನು ತಪ್ಪು ಎಂದು ಲಿಖಿತವಾಗಿ ತಿಳಿಸಲು ವಿನಯದಿಂದಲೇ ಕೇಳಿ. ಪುಣೆಯ ಹುಡುಗಿಗೆ ಕೋರ್ಟಿನಲ್ಲಿ ನೆರವಿಗೆ ಬಂದದ್ದು ಇಂಥ ಸಣ್ಣ ಪ್ರಶ್ನೆಯೇ. ಆದರೆ ಈ ನಿಯಮಗಳ ಕುಂದುಕೊರತೆ ಪಟ್ಟಿಯಲ್ಲಿ ಮಾತಿನ ಹಕ್ಕು ಎಂಬ ಬಾಬತ್ತು ಇಲ್ಲ. ಆ ಹಕ್ಕಿಗೆ ಶಾಸನದ ಬೆಂಬಲ ಬೇಕು.

ಅಮೆರಿಕದಲ್ಲೂ ತೊಡಕು ಇದೇ. ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ವಿಶ್ವವಿದ್ಯಾಲಯವನ್ನಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1992ರಲ್ಲಿ ಲೆನಾರ್ಡ್ ಕಾಯ್ದೆ ಎಂಬ ಚಿಕ್ಕ ಕಾನೂನು ಮಾಡಿತು. ಕ್ಯಾಂಪಸ್ಸಿನ ಹೊರಗೆ ಆಡಿದರೆ ಸಂವಿಧಾನದ ರಕ್ಷಣೆ ಇರುವ ಮಾತಿಗೆ, ಒಳಗೆ ಆಡಿದಾಗ ಖಾಸಗಿ ಕಾಲೇಜು ಶಿಕ್ಷೆ ಕೊಡುವಂತಿಲ್ಲ ಎಂಬುದು ಅದರ ಸಾರ. ಸ್ಟ್ಯಾನ್‌ಫರ್ಡಿನಂಥ ಸಂಸ್ಥೆಯೇ 1995ರಲ್ಲಿ ಈ ಕಾಯ್ದೆಯಡಿ ಕೋರ್ಟಿನಲ್ಲಿ ಸೋತು ತನ್ನ ಮಾತಿನ ಸಂಹಿತೆಯನ್ನು ಬಿಡಬೇಕಾಯಿತು. ಕರ್ನಾಟಕಕ್ಕೆ ಇದು ಇನ್ನೂ ಸುಲಭ. ಇಲ್ಲಿ ಒಂದೊಂದು ಖಾಸಗಿ ವಿಶ್ವವಿದ್ಯಾಲಯವೂ ವಿಧಾನಮಂಡಲದ ಪ್ರತ್ಯೇಕ ಕಾಯ್ದೆಯಿಂದ ಹುಟ್ಟಿದ್ದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ, ಅಲಯನ್ಸಿಗೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬೇರೆ ಬೇರೆ ಕಾಯ್ದೆಗಳಿವೆ. ಹುಟ್ಟಿಸಿದ ಸದನವೇ ಒಂದು ಕಲಮು ಸೇರಿಸಬಹುದು: ಸಂವಿಧಾನ ಗೇಟಿನ ಹೊರಗೆ ರಕ್ಷಿಸುವ ಮಾತಿಗೆ ಗೇಟಿನ ಒಳಗೆ ಶಿಕ್ಷೆ ಇಲ್ಲ, ಹಿಂಸೆ, ಬೆದರಿಕೆ, ಜಾತಿನಿಂದನೆ, ಲೈಂಗಿಕ ಕಿರುಕುಳಕ್ಕೆ ಈಗಿರುವ ಕಾನೂನು ಹಾಗೇ ಇರಲಿ. ನ್ಯಾಯಮೂರ್ತಿ ನಾಗರತ್ನ ಅವರ ಭಿನ್ನಮತ ಕೇಳಿದ ಶಾಸನದ ಆಧಾರ ಸಿಗುವುದು ಹೀಗೆ. 2025ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ದ್ವೇಷ ಭಾಷಣ ತಡೆ ಮಸೂದೆಯನ್ನು ಸದನ ಅಂಗೀಕರಿಸಿತು. ಮಾತನ್ನು ಶಿಕ್ಷಿಸುವ ಮಸೂದೆಗೆ ಅಧಿವೇಶನದಲ್ಲಿ ಸಮಯ ಸಿಕ್ಕರೆ, ಮಾತನ್ನು ಕಾಯುವ ಒಂದು ಕಲಮಿಗೂ ಸಿಗಬೇಕು. ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿಯ ಶಾಸಕರು ಅದನ್ನು ಮಂಡಿಸಲಿ ಎಂದು ಅವರ ಕ್ಷೇತ್ರದ ವಿದ್ಯಾರ್ಥಿಗಳು ಕೇಳಬೇಕು.

ಸಂಯೋಜಿತ ಕಾಲೇಜುಗಳಿಗೆ ಅಧಿವೇಶನದವರೆಗೆ ಕಾಯಬೇಕಿಲ್ಲ. ಸಂಯೋಜನೆ ಕೊಡುವ, ಮುಂದುವರಿಸುವ ಮೊದಲು ವಿಶ್ವವಿದ್ಯಾಲಯದಿಂದ ಎಲ್‌ಐಸಿ, ಅಂದರೆ ಸ್ಥಳೀಯ ವಿಚಾರಣಾ ಸಮಿತಿ, ಕಾಲೇಜಿಗೆ ಬರುತ್ತದೆ. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ, ಪ್ರಯೋಗಾಲಯದಲ್ಲಿ ಏನಿದೆ, ಅಧ್ಯಾಪಕರೆಷ್ಟು ಎಂದು ನೋಡುತ್ತದೆ. ಆ ತಪಾಸಣೆಯ ನಮೂನೆಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ವಿಟಿಯು ಇನ್ನೂ ಮೂರು ಪ್ರಶ್ನೆ ಸೇರಿಸಿದರೆ ಸಾಕು. ಶಿಸ್ತಿನ ನಿಯಮಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ವಿದ್ಯಾರ್ಥಿಗಳಿಗೆ ಕೊಟ್ಟಿದ್ದೀರಾ? ಕಳೆದ ವರ್ಷ ಯಾರನ್ನಾದರೂ ಅಮಾನತು ಮಾಡಿದ್ದರೆ, ಮಾಡುವ ಮೊದಲು ನೋಟಿಸ್ ಕೊಟ್ಟು ಅವರ ಮಾತು ಕೇಳಿದ ದಾಖಲೆ ಎಲ್ಲಿದೆ? ವಿದ್ಯಾರ್ಥಿಗಳು ಅನುಮತಿ ಕೇಳದೆ ಬರೆದು ಅಂಟಿಸಬಹುದಾದ ಒಂದು ಬೋರ್ಡು ನಿಮ್ಮ ಕಾಲೇಜಿನಲ್ಲಿ ಇದೆಯೇ?